ಮಾಂಬಳ್ಳಿಯ ವಿಳಾಸ

ಕೊಳ್ಳೇಗಾಲ,
ಜನವರಿ ೨೧, ಬುಧವಾರ

ರಂಜನಿಯ ಅಪ್ಪನವರಿಗೆ ಶಿವರತ್ನಳ ನಮಸ್ಕಾರ.

ಮಂಡಿನೋವು ಹೇಗಿದೆ? ಸಕ್ಕರೆ ಕಾಯಿಲೆಯ ಮಾತ್ರೆ ಇಷ್ಟು ಹೊತ್ತಿಗೆ ಮುಗಿದಿರಬೇಕು, ಈ ಕವರಿನ ಜೊತೆ ಒಂದು ತಿಂಗಳಿಗಾಗುವಷ್ಟು ಕಳಿಸಿದ್ದೇನೆ. ಹನೂರಿನ ಕಡೆ ಚಳಿ ಜೋರಾಗಿದೆ ಎಂದು ನಮ್ಮ ಮಿಲ್ಲಿನ ಡ್ರೈವರ್ ನಿಂಗರಾಜು ಹೇಳಿದ, ಅದಕ್ಕೆ ನಿಮ್ಮ ಕಂದು ಸ್ವೆಟರನ್ನೂ ಚೀಲದಲ್ಲಿ ಇಟ್ಟಿದ್ದೇನೆ. ನಿಮ್ಮಕ್ಕ ಮಹಾದೇವಮ್ಮ ಅತ್ತಿಗೆ ಚೆನ್ನಾಗಿದ್ದಾರೆಯೇ? ಅವರ ರಾಗಿ ಮೆದೆಗೆ ಆನೆ ಬರುತ್ತದೆ, ಕಾಯುವುದಕ್ಕೆ ಗಂಡಸರು ಸಾಲದು ಎಂದು ಹೇಳಿ ನೀವು ಹೊರಟು ಹೋದಿರಿ. ಅತ್ತಿಗೆಗೆ ಕಟ್ಟುಮಸ್ತಾದ ಇಬ್ಬರು ಗಂಡುಮಕ್ಕಳಿದ್ದಾರೆ ಎನ್ನುವುದು ನನಗೆ ಗೊತ್ತಿಲ್ಲವೆಂದುಕೊಂಡಿರಾ? ಅಲ್ಲಿ ತಮಟೆ ಬಡಿದು, ಗಂಟಲು ಹರಿಯುವ ಹಾಗೆ ಕೂಗಿ ಆನೆ ಓಡಿಸುತ್ತೀರಂತೆ. ಬಹಳ ಸಂತೋಷ. ಆನೆಯ ಎದುರಿಗೆ ಅಷ್ಟು ಗಂಟಲು ತೆರೆಯುವ ಮನುಷ್ಯ ತನ್ನ ಅಣ್ಣನ ಎದುರಿಗೆ ಒಂದು ಮಾತಾಡಲಾರದೆ ಕೂತಿದ್ದು ಹೇಗೆ ಎಂದು ನಾನು ಸಂಕ್ರಾಂತಿಯಿಂದ ಯೋಚಿಸುತ್ತಿದ್ದೇನೆ. ಇನ್ನೂ ಅರ್ಥವಾಗಿಲ್ಲ.

ಫೋನು ಮಾಡಬಹುದಿತ್ತಲ್ಲ, ಕಾಗದ ಯಾಕೆ ಎನ್ನಬೇಡಿ. ಫೋನನ್ನು ದೇವರ ಗೂಡಿನ ಪಕ್ಕದಲ್ಲಿ ಬಿಟ್ಟು ಹೋಗಿದ್ದೀರಿ. ಕೇಳಿದರೆ ಮರೆತೆ ಎನ್ನುತ್ತೀರಿ. ಮರೆತು ಹೋಗುವವರು ಅದಕ್ಕೆ ಚಾರ್ಜರನ್ನು ನೀಟಾಗಿ ಸುತ್ತಿ ಇಡುವುದಿಲ್ಲ. ಅತ್ತಿಗೆಯ ಫೋನಿಗೆ ಮಾಡಿದರೆ, ‘ಮೂರ್ತಿ ಒಲದ್ ಕಡೆ ಓಗವ್ನೆ ಕಣವ್ವ’ ಎನ್ನುತ್ತಾರೆ. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಪಾಪ, ಅವರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಪ್ರತಿ ಸಲವೂ ದನಿ ಇಳಿಸುತ್ತಾರೆ. ಅದಕ್ಕೇ ನಿಂಗರಾಜುವಿನ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತಿದ್ದೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರಬೇಕು ಎಂದು ಅವನಿಗೆ ಹೇಳಿದ್ದೇನೆ. ಅವನ ಮೇಲೆ ರೇಗಬೇಡಿ.

ಮನೆಯ ಕಡೆ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲಾರೆ. ಮಿಲ್ ನಡೆಯುತ್ತಿದೆ, ಹೊಸ ಭತ್ತ ಬರುತ್ತಿದೆ. ರಂಜನಿ ಮಾತ್ರ ಮಿಲ್ಲಿಗೆ ಹೋಗುತ್ತಿಲ್ಲ. ಹಬ್ಬದ ಮಾರನೆಯ ದಿನ ಆಫೀಸು ರೂಮಿನ ಬೀಗದ ಕೈಯನ್ನು ಮೇಸ್ತ್ರಿ ಕೆಂಪನಂಜಪ್ಪನ ಕೈಗೆ ಕೊಟ್ಟು ಬಂದವಳು ಮತ್ತೆ ಆ ಕಡೆ ತಿರುಗಿ ನೋಡಿಲ್ಲ. ಹಿತ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾಳೆ. ಸುಲಿದದ್ದು ಮುಗಿದರೆ ಮತ್ತೆ ಸಂತೆಯಿಂದ ತಂದು ಸುಲಿಯುತ್ತಾಳೆ. ಮನೆಯಲ್ಲಿ ಮೂರು ಹೊತ್ತೂ ಹಿಸುಕಿದ ಅವರೆಯ ಸಾರು. ಕೆಂಪನಂಜಪ್ಪ ನಿನ್ನೆ ಬಾಗಿಲವರೆಗೆ ಬಂದು, ‘ರಂಜನವ್ವ ಯಾಕ್ ಬತ್ತಿಲ್ಲ, ನಾವೇನಾರ ತಪ್ಪು ಮಾಡುದ್ವಾ’ ಎಂದು ಕೇಳಿದ. ಮಿಲ್ಲಿನ ಹಮಾಲಿಗಳ ಮೇಸ್ತ್ರಿಗೆ ಬಂದ ಸಂಕಟ ಹೆತ್ತ ಅಪ್ಪನಿಗೆ ಬರಲಿಲ್ಲ. ಹೀಗೆ ಬರೆಯಬಾರದು ಎಂದು ಗೊತ್ತಿದೆ. ಬರೆಯುತ್ತೇನೆ.

ಹಬ್ಬದ ದಿನ ನೀವು ಎಲ್ಲ ಮರೆತವರ ಹಾಗೆ ಕೂತಿದ್ದಿರಿ. ಅದಕ್ಕೆ, ನಿಮಗೆ ಗೊತ್ತಿರುವುದನ್ನೇ ಮೊದಲಿನಿಂದ ಮತ್ತೆ ಬರೆಯುತ್ತೇನೆ. ಆಚೆ ವರ್ಷದ ಆಗಸ್ಟಿನಲ್ಲಿ ಹೊಳೆ ಉಕ್ಕಿತು. ಧನಗೆರೆ ಕಡೆಯ ನಮ್ಮ ಮಿಲ್ಲಿಗೆ ಎದೆಮಟ್ಟ ನೀರು ನುಗ್ಗಿತು. ಮೋಟಾರು ಹೋಯಿತು, ಕೆಳಗಿನ ಸಾಲಿನ ಚೀಲಗಳೆಲ್ಲ ನೆನೆದು ಮೊಳಕೆ ಬಂದವು. ನೀರಿಳಿದ ಮೇಲೂ ಒಂದು ತಿಂಗಳು ಆ ಕೊಳೆತ ಭತ್ತದ ಹುಳಿ ವಾಸನೆ ನಿಮ್ಮ ಬಟ್ಟೆಯಿಂದ ಹೋಗಿರಲಿಲ್ಲ, ನಾನು ಎರಡೆರಡು ಸಲ ಸೋಪು ಹಾಕಿ ಒಗೆದೆ. ಆ ದಿನಗಳಲ್ಲಿ ನಿಮ್ಮ ಅಣ್ಣ ಪುಟ್ಟಬಸಪ್ಪ ಭಾವನವರು ಪಟ್ಟ ಪಾಡನ್ನು ನಾನು ಇಲ್ಲವೆನ್ನುವುದಿಲ್ಲ. ಆ ವಯಸ್ಸಿನಲ್ಲಿ ನೀರಿನೊಳಗೆ ನಿಂತು ಹಗ್ಗ ಹಿಡಿದು ಚೀಲ ಎಳೆಸಿದರು. ಕಣ್ಣಾರೆ ಕಂಡದ್ದನ್ನು ಕಂಡ ಹಾಗೇ ಹೇಳಬೇಕು. ಆದರೆ ತಾಲ್ಲೂಕು ಆಫೀಸಿಗೆ ಅಲೆದು, ತಹಶೀಲ್ದಾರರ ಕಡೆಯವರನ್ನು ಮಿಲ್ಲಿಗೆ ಕರೆತಂದು, ಗೋಡೆಯ ಮೇಲೆ ನೀರು ನಿಂತ ಗುರುತನ್ನು ತೋರಿಸಿ ಪಂಚನಾಮೆ ಬರೆಸಿದವಳು ಯಾರು? ನಿಮ್ಮ ಮಗಳು. ಅವಳನ್ನೇ ಈಗ ಬೇಜವಾಬ್ದಾರಿ ಎನ್ನುತ್ತಿದ್ದಾರೆ.

ಅದೇ ಸೆಪ್ಟೆಂಬರಿನಲ್ಲಿ ಮುಂಗಡ ತೆರಿಗೆಯ ಕಂತು ಕಟ್ಟಬೇಕಿತ್ತು. ವರ್ಷ ಮುಗಿದ ಮೇಲೆ ಕಟ್ಟುವುದಲ್ಲ, ಈ ವರ್ಷ ಇಷ್ಟು ಲಾಭ ಬರಬಹುದು ಎಂದು ಅಂದಾಜು ಮಾಡಿ ಜೂನು, ಸೆಪ್ಟೆಂಬರು, ಡಿಸೆಂಬರು, ಮಾರ್ಚಿಯಲ್ಲಿ ಕಂತು ಕಂತಾಗಿ ಕಟ್ಟುತ್ತಾ ಹೋಗಬೇಕು, ತಪ್ಪಿದರೆ ತಿಂಗಳಿಗೆ ನೂರಕ್ಕೆ ಒಂದರ ಲೆಕ್ಕದಲ್ಲಿ ಬಡ್ಡಿ ಬೀಳುತ್ತದೆ. ಒಲೆ ಮುಂದೆ ಕೂತ ನನಗೂ ಇದು ಬಾಯಿಪಾಠವಾಗಿದೆ, ಅಷ್ಟು ಸಲ ರಂಜನಿ ನಿಮಗೆಲ್ಲ ಹೇಳಿದ್ದಾಳೆ. ಹೊಳೆ ಉಕ್ಕಿದ್ದರಿಂದ ಸರ್ಕಾರ ಆ ಒಂದು ಕಂತಿಗೆ ವಾಯಿದೆ ಮುಂದಕ್ಕೆ ಹಾಕಿತು. ಪೇಪರಿನಲ್ಲಿ ಬಂತು. ಭಾವನವರು ಆ ಪೇಪರನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಯಾವ ಯಾವ ತಾಲ್ಲೂಕಿಗೆ ಎಂದು ಕೆಳಗೆ ಪಟ್ಟಿ ಇತ್ತು, ಅದನ್ನು ಓದಿದವಳು ರಂಜನಿ ಒಬ್ಬಳೇ. ಕೊಳ್ಳೇಗಾಲ ಇತ್ತು. ಯಳಂದೂರು ಇರಲಿಲ್ಲ. ನಮ್ಮ ಮಿಲ್ಲು ಇರುವುದು ಕೊಳ್ಳೇಗಾಲ ತಾಲ್ಲೂಕಿನಲ್ಲಿ, ನಾವು ಇರುವುದು ಕೊಳ್ಳೇಗಾಲದ ಪೇಟೆಯಲ್ಲಿ, ನೀರು ನುಗ್ಗಿದ್ದು ಇಲ್ಲಿ. ಆದರೆ ತೆರಿಗೆ ಇಲಾಖೆಯ ಕಡತದಲ್ಲಿ ನಮ್ಮ ವಿಳಾಸ ಇಂದಿಗೂ ಮಾಂಬಳ್ಳಿ, ಯಳಂದೂರು ತಾಲ್ಲೂಕು.

ಆ ವಿಳಾಸ ಯಾಕೆ ಹಾಗೇ ಉಳಿಯಿತು ಎನ್ನುವುದನ್ನು ನೀವೇ ಹೇಳಿ. ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ, ನಿಮ್ಮ ಮನೆಯಲ್ಲಿ ರೇಷನ್ ಕಾರ್ಡಿನಿಂದ ಲಗ್ನಪತ್ರಿಕೆಯವರೆಗೆ ಎಲ್ಲದರಲ್ಲೂ ಮಾಂಬಳ್ಳಿ. ಅಲ್ಲಿ ಮೂಲ ಮನೆ ಇದೆ, ಹಿರೀಕರ ಗದ್ದುಗೆ ಇದೆ, ಅಲ್ಲಿಂದ ಹೆಸರು ಎತ್ತಿದರೆ ಅಣ್ಣತಮ್ಮಂದಿರು ಪಾಲಾದರು ಎಂದೇ ಊರವರು ತಿಳಿಯುತ್ತಾರೆ. ಹೊಲ ಹಂಚಿಕೊಳ್ಳದಿದ್ದರೂ ಸರಿ, ವಿಳಾಸ ಬದಲಾದರೆ ಸಾಕು. ಇದು ನನಗೆ ಹಾಸ್ಯವಲ್ಲ, ನಾನೂ ಆ ಗದ್ದುಗೆಗೆ ವಿಭೂತಿ ಹಚ್ಚಿ ಕೈಮುಗಿದವಳೇ. ಆದರೆ ಗದ್ದುಗೆಯ ಮೇಲಿನ ಭಕ್ತಿಗೆ ಭತ್ತದ ಮಿಲ್ಲಿನ ತೆರಿಗೆ ಕಾಗದ ಯಾಕೆ ಬೇಕು? ರಂಜನಿ ಮಿಲ್ಲಿನ ಲೆಕ್ಕ ಹಿಡಿದ ಮೊದಲನೆಯ ವರ್ಷವೇ ಕೇಳಿದಳು, ಆಮೇಲೆ ಜಿಎಸ್‌ಟಿ ಗಲಾಟೆ ಬಂದಾಗ ಕೇಳಿದಳು, ಹೊಳೆ ಉಕ್ಕುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಮತ್ತೊಂದು ಸಲ ಕೇಳಿದಳು. ಆ ಕೊನೆಯ ಸಲ ಭಾವನವರು ನಮ್ಮ ಪಡಸಾಲೆಯಲ್ಲೇ ಕೂತು, ಕಾಫಿ ಲೋಟ ಕೆಳಗಿಟ್ಟು ಹೇಳಿದ್ದು ನನ್ನ ಕಿವಿಯಲ್ಲೇ ಇದೆ. ‘ಮೂಲ ಮನೆ ಬುಟ್ಟು ಎಸ್ರು ಆಚ್ಗೋದ್ರೆ ಒಲೆ ಬ್ಯಾರೆ ಆದಂಗೆ ಕಣಮ್ಮಿ. ನಾನ್ ಬದ್ಕಿರೋಗಂಟ ಅದಾಗಕಿಲ್ಲ.’ ನೀವು ಏನಂದಿರಿ? ‘ಅಣ್ಣ ಏಳ್ದಂಗೆ ಆಗ್ಲಿ ಬುಡು ಮೊಗ’ ಎಂದಿರಿ. ಅಂದಮೇಲೆ ವಿಳಾಸ ಬದಲಾಗದಂತೆ ತಡೆದವರು ಇಬ್ಬರು. ಅದರಲ್ಲಿ ಒಬ್ಬರು ಈಗ ಹನೂರಿನಲ್ಲಿ ಆನೆ ಕಾಯುತ್ತಿದ್ದಾರೆ.

ಪಟ್ಟಿ ಓದಿದ ದಿನವೇ ಅವಳು ದೊಡ್ಡಪ್ಪನ ಹತ್ತಿರ ಹೋಗಿ ಹೇಳಿದಳು. ನೀವೂ ಅಲ್ಲೇ ಇದ್ದಿರಿ. ‘ದೊಡ್ಡಪ್ಪ, ಪಟ್ಟಿಲಿ ಯಳಂದೂರು ಇಲ್ಲ. ನಮ್ ಕಡತ ಮಾಂಬಳ್ಳಿದು. ಈ ವಾಯ್ದೆ ನಮ್ಗೆ ಸಿಕ್ಕಕಿಲ್ಲ, ಕಂತು ಕಟ್ಬುಡಣ’ ಎಂದಳು. ಕಂತಿಗೆಂದು ಅವಳು ಬ್ಯಾಂಕಿನಲ್ಲಿ ಬೇರೆಯೇ ಎತ್ತಿಟ್ಟ ದುಡ್ಡಿತ್ತು. ನೀರಿನಲ್ಲಿ ಅಷ್ಟೆಲ್ಲ ಹೋದಾಗಲೂ ಅದನ್ನು ಮುಟ್ಟಿರಲಿಲ್ಲ. ಭಾವನವರು ನಕ್ಕರು. ‘ನೀರ್ ನುಗ್ಗಿದ್ದು ನಮ್ ಮಿಲ್ಗೆ ಅಂತ ಇಡೀ ಸೀಮೆಗೇ ಗೊತ್ತು, ಸರ್ಕಾರುಕ್ ಗೊತ್ತಾಗಕಿಲ್ವಾ?’ ಎಂದರು. ಆ ದುಡ್ಡು ಮೂಲ ಮನೆಗೆ ಹೋಯಿತು. ಗದ್ದುಗೆ ಕೋಣೆ ಸೋರುತ್ತಿದೆ ಎಂದು ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದರು. ಮಳೆಗಾಲ ಕಳೆದ ಮೇಲೆ ಮಾಡಿಸಬಹುದಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಸರ್ಕಾರ ವಾಯಿದೆ ಕೊಟ್ಟದ್ದು ಒಂದು ಕಂತಿಗೆ, ಭಾವನವರು ತಮ್ಮ ಮನಸ್ಸಿನಲ್ಲೇ ಅದನ್ನು ಇಡೀ ವರ್ಷಕ್ಕೆ ಎಳೆದುಕೊಂಡರು. ಡಿಸೆಂಬರಿನಲ್ಲಿ ರಂಜನಿ ಚೆಕ್ಕು ಬರೆದು ಮುಂದಿಟ್ಟರೆ ಸಹಿ ಹಾಕಲಿಲ್ಲ. ಮಾರ್ಚಿಯಲ್ಲೂ ಹಾಕಲಿಲ್ಲ. ‘ಒಳೆ ಬಂದ್ ವರ್ಸ ಯಾರ್ ಕೇಳ್ತಾರೆ’ ಎಂದರು. ಕೇಳುವವರು ಈಗ ಕೇಳಿದ್ದಾರೆ. ಆ ಬಡ್ಡಿಯ ನೋಟಿಸು ಬಂದದ್ದು ಮಾಂಬಳ್ಳಿಗೆ, ವಿಳಾಸ ಅಲ್ಲಿಯದೇ ತಾನೆ. ಅದೂ ಹಬ್ಬದ ಹಿಂದಿನ ದಿನ.

ಇನ್ನು ಹಬ್ಬದ ದಿನದ ಮಾತು. ಗದ್ದುಗೆಗೆ ಪೂಜೆಯಾಗಿ, ಜಂಗಮಯ್ಯನವರಿಗೆ ಊಟ ಬಡಿಸಿ, ಬಂಧುಗಳೆಲ್ಲ ಎಳ್ಳುಬೆಲ್ಲ ತಿನ್ನುತ್ತಾ ಕೂತಿದ್ದಾರೆ. ಹಿರಿಯವನು ವರ್ಷದ ಲೆಕ್ಕವನ್ನು ಎಲ್ಲರ ಮುಂದೆ ಹೇಳುವುದು ನಿಮ್ಮ ಮನೆಯ ಪದ್ಧತಿ, ಅದು ಒಳ್ಳೆಯ ಪದ್ಧತಿಯೇ. ಭಾವನವರು ಎದ್ದು ನಿಂತು ನೋಟಿಸನ್ನು ಎತ್ತಿ ಹಿಡಿದರು. ‘ಎಣ್ಮಕ್ಳ ಕೈಗೆ ಲೆಕ್ಕ ಕೊಟ್ರೆ ಇಂಗೇ ಆಗೋದು. ಕಟ್ಟೋ ಒತ್ಗೆ ಕಟ್ನಿಲ್ಲ, ಮನೆ ಮರ್ವಾದೆ ಬೀದಿಗ್ ಬಂತು. ಇನ್ಮೇಲೆ ಗುರುಪ್ರಕಾಶ ನೋಡ್ಕತಾನೆ’ ಎಂದರು. ಯಳಂದೂರಿನಲ್ಲಿ ಸಿಮೆಂಟು ಮಾರುವ ಅವರ ಅಳಿಯ ಗುರುಪ್ರಕಾಶನೇ ತಬ್ಬಿಬ್ಬಾಗಿ, ನನಗೆ ಇದೆಲ್ಲ ಬರುವುದಿಲ್ಲ ಮಾವ ಎಂದು ಗೊಣಗಿದ. ರಂಜನಿ ನಿಮ್ಮ ಮುಖ ನೋಡಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ, ಅವಳು ಬೇರೆ ಯಾರನ್ನೂ ನೋಡಲಿಲ್ಲ, ನಿಮ್ಮನ್ನೇ ನೋಡಿದಳು. ನೀವು ಕೈಯಲ್ಲಿದ್ದ ಕಬ್ಬಿನ ತುಂಡಿನ ಸಿಪ್ಪೆ ತೆಗೆಯುತ್ತಿದ್ದಿರಿ. ಸಿಪ್ಪೆ ತೆಗೆದದ್ದನ್ನೇ ಮತ್ತೆ ಮತ್ತೆ ಕೆರೆಯುತ್ತಿದ್ದಿರಿ. ‘ಅಣ್ಣ, ಮೊಗ ಏಳಿತ್ತು, ನಾವೇ ಕೇಳ್ನಿಲ್ಲ’ ಎನ್ನುವುದಕ್ಕೆ ಎಷ್ಟು ಉಸಿರು ಬೇಕಿತ್ತು? ನಾನು ಬಾಯಿ ತೆರೆದರೆ, ‘ನೀ ಸುಮ್ಕಿರು’ ಎಂದಿರಿ. ಆ ಹಬ್ಬದಲ್ಲಿ ನೀವಾಡಿದ ಮಾತು ಅದೊಂದೇ, ಅದೂ ನನಗೆ.

ನನ್ನ ಸಿಟ್ಟು ಭಾವನವರ ಮೇಲೆ ಇಲ್ಲವೆಂದಲ್ಲ. ಬೇಕಾದಷ್ಟಿದೆ. ಆದರೆ ಅವರು ಹಾಗೆಯೇ ಇದ್ದವರು, ಇನ್ನು ಮುಂದೆಯೂ ಹಾಗೆಯೇ ಇರುತ್ತಾರೆ. ತಪ್ಪಾಯಿತು ಎಂದರೆ ತಲೆ ತೆಗೆದ ಹಾಗೆ ಎಂದುಕೊಂಡವರು. ನೀವು ಹಾಗಲ್ಲ. ನಿಮಗೆ ತಪ್ಪು ಯಾವುದು ಎಂದು ಗೊತ್ತು. ಗೊತ್ತಿದ್ದೂ ಕಬ್ಬು ಕೆರೆದವರ ಮೇಲೆ ನನಗೆ ಹೆಚ್ಚು ಸಿಟ್ಟು. ಭಾವನವರನ್ನು ಬೈದುಕೊಂಡು ರಂಜನಿ ಸುಧಾರಿಸಿಕೊಳ್ಳುತ್ತಾಳೆ. ನಿಮ್ಮನ್ನು ಬೈಯುವುದಕ್ಕೆ ಅವಳಿಗೆ ಬರುವುದಿಲ್ಲ, ಅದೇ ಅವಳನ್ನು ತಿನ್ನುತ್ತಿರುವುದು. ಮೊನ್ನೆ ನಾನು ನಿಮ್ಮನ್ನು ನಾಲ್ಕು ಮಾತು ಅಂದದ್ದಕ್ಕೆ, ‘ಅಪ್ಪಂಗೆ ಬೇಜಾರಾಗದೆ ಕಣವ್ವ, ಬುಡು’ ಎಂದು ನನಗೇ ಸಮಾಧಾನ ಹೇಳಿದಳು.

ಮೊನ್ನೆ ಸೋಮವಾರ ಭಾವನವರು ಕೊಳ್ಳೇಗಾಲಕ್ಕೆ ಬಂದರು. ಬಡ್ಡಿ ಮನ್ನಾ ಮಾಡಿ ಎಂದು ಇಲಾಖೆಯ ದೊಡ್ಡ ಅಧಿಕಾರಿಗಳಿಗೆ ಒಂದು ಅರ್ಜಿ ಟೈಪು ಮಾಡಿಸಿಕೊಂಡು ಬಂದಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ ಮಾಡಿಕೊಟ್ಟದ್ದು. ಅದರಲ್ಲಿ ಏನಿತ್ತು ಗೊತ್ತೇ? ಪ್ರವಾಹದ ಬಗ್ಗೆ ಒಂದು ಸಾಲು. ವಿಳಾಸದ ಬಗ್ಗೆ ಒಂದಕ್ಷರವಿಲ್ಲ. ಉಳಿದದ್ದೆಲ್ಲ, ನಮ್ಮ ಸಂಸ್ಥೆಯ ಲೆಕ್ಕ ನೋಡುತ್ತಿದ್ದ ಕುಮಾರಿ ಶಿವರಂಜನಿ ಎಂಬುವರ ಅಜಾಗರೂಕತೆ ಮತ್ತು ಅನುಭವದ ಕೊರತೆಯಿಂದ ಕಂತುಗಳು ಪಾವತಿಯಾಗಿರುವುದಿಲ್ಲ, ಸದರಿಯವರನ್ನು ಕೆಲಸದಿಂದ ತೆಗೆಯಲಾಗಿದೆ, ಎಂದು. ತಮ್ಮನ ಮಗಳು, ಎತ್ತಿ ಆಡಿಸಿದ ಮಗು, ‘ಎಂಬುವರು’ ಆಗಿಬಿಟ್ಟಳು. ರಂಜನಿ ಅದನ್ನು ನಿಂತುಕೊಂಡೇ ಓದಿದಳು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ, ಹರಿದು ಹಾಕುತ್ತಾಳೆ ಎಂದುಕೊಂಡೆ, ಹರಿದು ಹಾಕಲಿ ಎಂದೇ ಆಸೆಪಟ್ಟೆ. ಅವಳು ಒಳಗೆ ಹೋಗಿ ಪೆನ್ನು ತಂದು, ಒಂದು ಕಡೆ ಹೊಡೆದು ಹಾಕಿ ಪಕ್ಕದಲ್ಲಿ ಬರೆದು, ‘ದೊಡ್ಡಪ್ಪ, ಇಲ್ಲಿ ವರ್ಷ ತಪ್ಪಾಗದೆ. ಇಂಗೆ ಕಳ್ಸುದ್ರೆ ವಾಪಸ್ ಬತ್ತದೆ’ ಎಂದು ಹೇಳಿ ಕೈಗೆ ಕೊಟ್ಟಳು. ತನ್ನ ಮೇಲೆ ಬರೆದ ದೂರನ್ನು ತಾನೇ ತಿದ್ದಿಕೊಟ್ಟಳು, ನಿಮ್ಮ ಮಗಳು. ಭಾವನವರು ಕನ್ನಡಕ ಒರೆಸಿಕೊಂಡು, ಕಾಫಿಯನ್ನೂ ಕುಡಿಯದೆ ಎದ್ದು ಹೋದರು. ಅವರಿಗೂ ಎಲ್ಲೋ ಚುಚ್ಚಿರಬೇಕು. ಚುಚ್ಚಿದ್ದರೂ ಅರ್ಜಿ ಮಾತ್ರ ಬದಲಾಗಲಿಲ್ಲ.

ಅವರು ಹೋದ ಮೇಲೆ ನಾನು ಸೆರಗು ಹೊದ್ದು ಆಡಿಟರ್ ಸದಾಶಿವಪ್ಪನವರ ಆಫೀಸಿಗೆ ಹೋದೆ. ಮದುವೆಯಾದ ಮೇಲೆ ಒಬ್ಬಳೇ ಒಂದು ಆಫೀಸಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ನೀವು ಹತ್ತಬೇಕಾಗಿದ್ದ ಮೆಟ್ಟಿಲು. ಅವರು ಎಲ್ಲ ಕೇಳಿ ತಲೆ ಚಚ್ಚಿಕೊಂಡರು. ‘ಮನೆ ಮಗ್ಳು ಮರ್ತ್‌ಬುಟ್ಳು ಅಂತ ಬರುದ್ರೆ ಇಲಾಖೆಯವ್ರು ಬಡ್ಡಿ ಬುಡ್ತಾರಾ ತಾಯಿ? ಬುಟ್ರೆ ನೀರ್ ನುಗ್ಗುದ್ದುಕ್ಕೆ ಬುಡ್ಬೇಕು’ ಎಂದರು. ಅವರು ಬಿಡಿಸಿ ಹೇಳಿದ್ದು ಹೀಗೆ. ಸೆಪ್ಟೆಂಬರಿನ ಕಂತಿನ ಬಡ್ಡಿಗೆ ನಾವು ಕೇಳಬಹುದು. ಮಿಲ್ಲು ನಿಜವಾಗಿ ಎಲ್ಲಿದೆ ಎನ್ನುವುದಕ್ಕೆ ಕರೆಂಟು ಬಿಲ್ಲು ಇದೆ, ಪಂಚನಾಮೆ ಇದೆ, ಫೋಟೋಗಳಿವೆ. ಕಡತದ ವಿಳಾಸ ಬೇರೆ ಯಾಕೆ ಎನ್ನುವುದನ್ನು ಇದ್ದದ್ದು ಇದ್ದ ಹಾಗೆ ಬರೆದರೆ ಓದುವ ಅಧಿಕಾರಿಗೂ ಅರ್ಥವಾಗುತ್ತದೆ, ಅವರಿಗೂ ಒಂದು ಮೂಲ ಮನೆ ಇದ್ದೀತು. ಬಿಡುತ್ತಾರೆ ಎಂದು ಖಾತ್ರಿ ಹೇಳಲಿಲ್ಲ, ಆದರೆ ಕೇಳುವುದಕ್ಕೆ ನ್ಯಾಯವಿದೆ ಎಂದರು. ಡಿಸೆಂಬರು, ಮಾರ್ಚಿಯದ್ದು ನಮ್ಮದೇ ತಪ್ಪು, ತೆಪ್ಪಗೆ ಕಟ್ಟಬೇಕು, ಇವತ್ತೇ ಕಟ್ಟಿದರೆ ಬೆಳೆಯುವುದಾದರೂ ನಿಲ್ಲುತ್ತದೆ. ರಂಜನಿ ಮೊದಲ ದಿನವೇ ನನಗೆ ಹೇಳಿದ್ದು ಅಕ್ಷರಕ್ಕೆ ಅಕ್ಷರ ಇದೇ.

ಆಮೇಲೆ ಸದಾಶಿವಪ್ಪನವರು ಬಾಗಿಲವರೆಗೆ ಬಂದು ಇನ್ನೊಂದು ಮಾತು ಹೇಳಿದರು. ಯುಗಾದಿಯ ನಂತರ ಯಳಂದೂರಿನ ತಮ್ಮ ಆಫೀಸನ್ನು ರಂಜನಿಗೆ ವಹಿಸಬೇಕು ಎಂದು ಅವರು ತೀರ್ಮಾನಿಸಿದ್ದರಂತೆ. ನಿಮಗೂ ಹೇಳಿದ್ದರಂತೆ, ನೀವು ನಮಗೆ ಹೇಳಲಿಲ್ಲ. ಆ ಸುತ್ತಿನ ಅಂಗಡಿಯವರು, ಮಿಲ್ಲಿನವರು, ಬೆಲ್ಲದ ಮಂಡಿಯವರ ಲೆಕ್ಕವೆಲ್ಲ ಅವಳ ಕೈಗೆ. ‘ಈ ಅರ್ಜಿ ಇಲಾಖೆಗ್ ಓದ್ರೆ ನಾನೇನ್ ಮಾಡ್ಲಿ ತಾಯಿ. ಸ್ವಂತ ಮನೆಯವ್ರೇ ಬೇಜವಾಬ್ದಾರಿ ಅಂತ ಸರ್ಕಾರುಕ್ ಬರ್ಕೊಟ್ಟ ಎಣ್ಮಗ್ಳ ಕೈಗೆ ಯಾರ್ ಲೆಕ್ಕ ಕೊಟ್ಟಾರು’ ಎಂದರು. ಬಡ್ಡಿ ಇವತ್ತಲ್ಲ ನಾಳೆ ಭತ್ತ ಮಾರಿ ಕಟ್ಟುತ್ತೇವೆ. ಆ ಕಾಗದ ಒಂದು ಸಲ ಇಲಾಖೆಯ ಕಡತ ಸೇರಿದರೆ, ಅದನ್ನು ಯಾವ ಭತ್ತ ಮಾರಿ ಬಿಡಿಸಿಕೊಳ್ಳುತ್ತೀರಿ?

ಅಣ್ಣನಿಗೆ ಎದುರಾಡಿದರೆ ಮನೆ ಒಡೆಯುತ್ತದೆ ಎನ್ನುವುದು ನಿಮ್ಮ ಭಯ, ನನಗೆ ಗೊತ್ತು. ಅತ್ತೆ ಹೋಗುವಾಗ ನಿಮ್ಮಿಬ್ಬರ ಕೈಯನ್ನೂ ಹಿಡಿದು ಒಟ್ಟಾಗಿರಿ ಎಂದರು, ನಾನೂ ಅಲ್ಲಿದ್ದೆ. ಒಟ್ಟಾಗಿರುವುದು ಎಂದರೆ ಒಬ್ಬರು ಮಾಡಿದ್ದನ್ನು ಮನೆಯ ಚಿಕ್ಕವಳ ತಲೆಗೆ ಕಟ್ಟಿ ಉಳಿದವರು ನೆಮ್ಮದಿಯಾಗಿ ಹಬ್ಬದೂಟ ಮಾಡುವುದು ಎಂದು ಆ ತಾಯಿ ಹೇಳಲಿಲ್ಲ. ಅಣ್ಣನ ಮರ್ಯಾದೆ ಉಳಿಸಿ, ಬೇಡ ಎನ್ನುವುದಿಲ್ಲ. ನಾವಿಬ್ಬರೂ ತಿಳಿಯದೆ ತಪ್ಪಿದೆವು ಎಂದು ನೀವು ಜೊತೆಗೆ ನಿಂತರೆ ಅವರ ಮರ್ಯಾದೆಯೂ ಉಳಿಯುತ್ತದೆ. ಅವರು ಒಬ್ಬರೇ ತಪ್ಪಿತಸ್ಥರು ಎಂದು ಯಾರೂ ಹೇಳುತ್ತಿಲ್ಲ. ಹೇಳುವುದಕ್ಕೆ ನಿಮಗೆ ಬಾಯಿ ಬರಬೇಕು ಅಷ್ಟೆ.

ಬಹಳ ಬರೆದೆ. ಕೈ ನೋಯುತ್ತಿದೆ, ಸಿಟ್ಟು ಇಳಿದಿಲ್ಲ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ. ಅವರಿಗೆ ಇಷ್ಟ ಎಂದು ರಂಜನಿ ಒಂದು ಡಬ್ಬಿ ತುಂಬ ಹಿಸುಕಿದ ಅವರೆಬೇಳೆ ಕಳಿಸಿದ್ದಾಳೆ. ಅತ್ತಿಗೆಯ ಮಕ್ಕಳಿಗೆ ನನ್ನ ಆಶೀರ್ವಾದ. ಆನೆ ಬಂದಾಗ ಮುಂದೆ ಮುಂದೆ ಹೋಗಬೇಡಿ, ಮಂಡಿ ಸರಿಯಿಲ್ಲದವರು ಓಡಲಾರಿರಿ. ಮಾತ್ರೆ ತಪ್ಪಿಸಬೇಡಿ. ಮಾದಪ್ಪ ನಿಮ್ಮನ್ನು ಕಾಯಲಿ, ಸ್ವಲ್ಪ ಧೈರ್ಯವನ್ನೂ ಕೊಡಲಿ.

ಇಂತಿ,
ಶಿವರತ್ನ

ಮರೆತಿದ್ದೆ: ನಿಂಗರಾಜುವಿನ ಹತ್ತಿರ ಇನ್ನೊಂದು ಕವರಿದೆ, ಅದರಲ್ಲಿ ಎರಡು ಅರ್ಜಿಗಳಿವೆ. ಒಂದು ಭಾವನವರದು, ಅವರು ಸಹಿ ಹಾಕಿ ನಿಮ್ಮ ಸಹಿಗೆಂದು ನಿನ್ನೆ ಕಳಿಸಿದರು. ಇನ್ನೊಂದು ಸದಾಶಿವಪ್ಪನವರು ಹೇಳಿದ ಹಾಗೆ ರಂಜನಿಯೇ ಕೂತು ಬರೆದದ್ದು. ಮಿಲ್ಲು ಕಟ್ಟುವಾಗ ನನ್ನ ತಾಯಿ ಮನೆಯ ದುಡ್ಡು ಬಿತ್ತು ಎಂದು ನನ್ನನ್ನೂ ಪಾಲುದಾರಳು ಮಾಡಿದ್ದಿರಿ, ನೆನಪಿದೆಯೇ? ನೀವು ಬೆರಳು ತೋರಿಸಿದ ಕಡೆ ಸಹಿ ಹಾಕುವುದಷ್ಟೇ ಇಷ್ಟು ವರ್ಷ ನನ್ನ ಪಾಲುದಾರಿಕೆ. ಇವತ್ತು ಬೆಳಿಗ್ಗೆ ಯಾರೂ ಬೆರಳು ತೋರಿಸದೆ ಸಹಿ ಹಾಕಿದೆ, ಮಗಳ ಅರ್ಜಿಗೆ. ಮೂವರು ಪಾಲುದಾರರಲ್ಲಿ ಇಬ್ಬರು ಸಹಿ ಹಾಕಿದ ಕಾಗದವೇ ನಡೆಯುತ್ತದೆ ಎಂದು ನಮ್ಮ ಪಾಲುದಾರಿಕೆ ಪತ್ರದಲ್ಲಿದೆಯಂತೆ. ಹಾಗಾಗಿ ಈಗ ಉಳಿದಿರುವುದು ನಿಮ್ಮದೊಂದೇ ಸಹಿ. ಮಂಗಳವಾರ ಅರ್ಜಿ ಕೊಡಬೇಕು. ಎರಡಕ್ಕೂ ಹಾಕದೆ ವಾಪಸು ಕಳಿಸಿದರೆ, ಅಣ್ಣನದಕ್ಕೇ ಹಾಕಿದಿರಿ ಎಂದು ನಾನು ತಿಳಿಯುತ್ತೇನೆ, ಆಮೇಲೆ ಆ ಆನೆಗಳ ಜೊತೆಯೇ ಇದ್ದುಬಿಡಿ. ಹಾಕುವ ಮೊದಲು ಅವಳು ಬರೆದದ್ದನ್ನು ಒಂದು ಸಲ ಪೂರ್ತಿ ಓದಿ. ವಿಳಾಸ ಬದಲಿಸುವುದು ಬೇಡ ಎಂದವರು ಯಾರು ಎನ್ನುವ ಜಾಗದಲ್ಲಿ ದೊಡ್ಡಪ್ಪನ ಹೆಸರಿಲ್ಲ, ನಿಮ್ಮ ಹೆಸರೂ ಇಲ್ಲ. ‘ಇದು ನಮ್ಮ ಮನೆಯವರೆಲ್ಲರೂ ಸೇರಿ ಮಾಡಿದ ತೀರ್ಮಾನ, ಇದರಲ್ಲಿ ನಾನೂ ಒಬ್ಬಳು’ ಎಂದು ಬರೆದಿದ್ದಾಳೆ. ನೀವು ಅವಳನ್ನು ಒಬ್ಬಳನ್ನೇ ಬಿಟ್ಟು ಹನೂರಿನ ಬಸ್ಸು ಹತ್ತಿದ ಮೇಲೆ ಬರೆದದ್ದು ಅದು.